ಲಕ್ಷ್ಮೀನಾರಾಯಣ ರಾಯರು ತೀರಿಕೊಂಡ ವಾರ

ಮುಳಬಾಗಿಲಿನ ಲಕ್ಷ್ಮೀನಾರಾಯಣ ರಾಯರ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಹೊರಟಿದ್ದನ್ನು ಕೇಳಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಪೇಟೆಯ ನಾಲ್ಕಾರು ಅಂಗಡಿಗಳಿಗೆ ಲೆಕ್ಕ ಬರೆಯುವುದು ಅವರ ಕೆಲಸ. ಉಳಿದ ಹೊತ್ತಿನಲ್ಲಿ ದಾರಿ ಕೇಳಿದವರಿಗೆ ದಾರಿ, ರೋಗ ಹೇಳಿದವರಿಗೆ ಮದ್ದು, ಮಳೆ ಬರುತ್ತದೋ ಎಂದವರಿಗೆ ಮಳೆ, ಎಲ್ಲವನ್ನೂ ಧಾರಾಳವಾಗಿ ದಯಪಾಲಿಸುತ್ತಿದ್ದರು. ಅವರ ಮಾತು ನಂಬಿ ಹೊರಟ ಒಬ್ಬಿಬ್ಬರು ನಂಗಲಿ ದಾಟಿ ಆಂಧ್ರ ಸೇರಿದ್ದುಂಟು. ಆದರೆ ತಿರುಗಿ ಬಂದು ದೂರಿದವರಿಲ್ಲದ ಕಾರಣ ರಾಯರ ಕೀರ್ತಿಗೆ ಕುಂದು ಬಂದಿರಲಿಲ್ಲ.

ಕುಂದು ಬಂದದ್ದು ಎರಡು ಸಾವಿರದ ಏಳನೇ ಇಸವಿಯಲ್ಲಿ, ಮಗಳು ಹರಿಪ್ರಿಯಾಳಿಗೆ ಸಂಬಂಧ ಕೂಡಿಬಂದಾಗ.

ಹುಡುಗ ವಂಶಿಕೃಷ್ಣ ಕೋಲಾರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವನು. ಸಾಕಿದ್ದು ಶ್ರೀನಿವಾಸಪುರದಲ್ಲಿದ್ದ ತಾಯಿಯ ತಾಯಿ ತಿರುಮಲಮ್ಮ. ಮಾತುಕತೆಗೆಂದು ರಾಯರು ಹೆಂಡತಿ ವೆಂಕಟರತ್ನಮ್ಮನೊಂದಿಗೆ ಶ್ರೀನಿವಾಸಪುರಕ್ಕೆ ಹೋದಾಗ ಆಕೆ ಒಂದೇ ಮಾತು ಹೇಳಿದ್ದರು.

"ನಮಗೆ ಏನೂ ಬೇಡ ನಾಯನಾ. ಹುಡುಗ ತಂದೆ ಅನ್ನೋದನ್ನೇ ನೋಡಿಲ್ಲ. ಹೆಣ್ಣು ಕೊಡೋ ಮಾವನಾದ್ರೂ ತಂದೆ ಥರಾ ಇರ್ಬೇಕು. ಹಿಂದೆ ಒಂದು ಸಂಬಂಧ ಬಂದಿತ್ತು, ಹುಡುಗಿಗೆ ತಂದೆ ಇರ್ಲಿಲ್ಲ, ಬೇಡ ಅಂದ್ಬಿಟ್ಟೆ."

"ಅದಕ್ಕೇನಮ್ಮ, ನಾನಿದೀನಲ್ಲ" ಎಂದು ರಾಯರು ಎದೆ ಮುಟ್ಟಿಕೊಂಡರು. ನಿಶ್ಚಿತಾರ್ಥ ಮುಂದಿನ ವಾರ ಬಿಟ್ಟು ಅದರ ಮುಂದಿನ ಭಾನುವಾರ, ಮುಳಬಾಗಿಲಿನಲ್ಲಿ, ಎಂದು ತೀರ್ಮಾನವಾಯಿತು.

ಅಷ್ಟಕ್ಕೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ತಿರುಮಲಮ್ಮನ ಮಗ, ಅಂದರೆ ಹುಡುಗನ ಸೋದರಮಾವ ಮುಕುಂದ್, ಮಾಲೂರಿನಲ್ಲಿ ಕೆಲಸದಲ್ಲಿದ್ದವನು, ಎಲೆ ಅಡಿಕೆ ತಟ್ಟೆ ಮುಂದೆ ತಳ್ಳುತ್ತಾ ಕೇಳಿದ: "ಬೀಗ್ರೇ, ನೀವೂ ಅದರಲ್ಲಿ ಇದೀರಾ?"

‘ಯಾವುದರಲ್ಲಿ’ ಎಂದು ಕೇಳಬಹುದಿತ್ತು. ರಾಯರು ಕೇಳಲಿಲ್ಲ. "ಇಲ್ದೆ ಏನು, ಮೊದಲಿಂದ್ಲೂ ಇದೀನಿ" ಎಂದರು.

"ಫೋಟೋ ಹಾಕಿದೀರಾ?"

"ದೊಡ್ಡದೇ ಹಾಕಿದೀನಿ."

"ಹಂಗಾದ್ರೆ ಬಿಡಿ, ನಾನೇ ಹುಡುಕ್ತೀನಿ. ನಮ್ಮೋರೆಲ್ಲ ಅದರಲ್ಲೇ ಇದಾರೆ. ಒಬ್ಬೊಬ್ಬರಿಗೂ ನಿಮ್ಮನ್ನ ತೋರಿಸ್ತೀನಿ" ಎಂದು ಮುಕುಂದ್ ಉಬ್ಬಿಹೋದ.

‘ಅದು’ ಏನೆಂದು ರಾಯರಿಗೆ ಹೇಳಿಕೊಟ್ಟವಳು ಬಸ್ ಸ್ಟ್ಯಾಂಡಿನ ಬಳಿ ಇಂಟರ್‌ನೆಟ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದ ಶಿರೀಷಾ. ಅದೊಂದು ಸ್ನೇಹದ ತಾಣ. ಅದರಲ್ಲಿ ನಮ್ಮದೊಂದು ಪುಟ ತೆರೆದು, ಫೋಟೋ ಅಂಟಿಸಿ, ನಮ್ಮ ಬಗ್ಗೆ ಬರೆದುಕೊಂಡರೆ, ಲೋಕದ ಜನ ಬಂದು ನೋಡಿ ನಾಲ್ಕು ಮಾತು ಗೀಚಿ ಹೋಗುತ್ತಾರೆ. ಆ ತಾಣದ ಹೆಸರು ಇಲ್ಲಿ ಬೇಡ. ಅದೂ ಈಗ ಕಾಲವಾಗಿದೆ. ಕಾಲವಾದವರ ಹೆಸರೆತ್ತಿ ಆಡಿಕೊಳ್ಳುವುದು ಒಳ್ಳೆಯ ಪದ್ಧತಿಯಲ್ಲ.

"ಈಗ ಗುಟ್ಟಿನ ಪದ ಒತ್ತಿ ಸರ್. ಯಾರೂ ನೋಡ್ಬಾರ್ದು" ಎಂದು ಶಿರೀಷಾ ಮುಖ ಅತ್ತ ತಿರುಗಿಸಿದಳು. ಯಾರೂ ನೋಡಬಾರದು ಎಂದ ಮೇಲೆ ಯಾರೂ ನೋಡಬಾರದು. ರಾಯರು ತಾವೂ ಕಣ್ಣು ಮುಚ್ಚಿಕೊಂಡು ಕೈಗೆ ಸಿಕ್ಕ ಗುಂಡಿಗಳನ್ನು ಒತ್ತಿದರು.

ಆಮೇಲೆ ಫೋಟೋ. ಸಹಕಾರ ಸಂಘದಲ್ಲಿ ಕೋಟು ಹಾಕಿಕೊಂಡು ತೆಗೆಸಿದ್ದನ್ನು ತಂದಿದ್ದರು. ಶಿರೀಷಾ ಅದನ್ನು ಯಂತ್ರಕ್ಕೆ ಹಾಕಿ ಪರದೆಯ ಮೇಲೆ ತಂದು, "ಸುತ್ತ ಚೌಕಟ್ಟು ಬೇಕಾದ್ರೆ ಇಲ್ಲಿ ಬೇಕಾದಷ್ಟಿವೆ ಸರ್, ನೋಡ್ತಿರಿ" ಎಂದಳು. ಅಷ್ಟರಲ್ಲಿ ಮಾರ್ಕ್ಸ್ ಕಾರ್ಡ್ ಹಿಡಿದ ಹುಡುಗರ ದಂಡು ಜೆರಾಕ್ಸ್ ಯಂತ್ರಕ್ಕೆ ಮುತ್ತಿಕೊಂಡಿತು, ಅವಳು ಅತ್ತ ಹೋದಳು.

ರಾಯರು ಚೌಕಟ್ಟುಗಳನ್ನು ನೋಡುತ್ತಾ ಹೋದರು. ಗುಲಾಬಿಯದು ಹೆಣ್ಣುಮಕ್ಕಳಿಗಾಯಿತು. ಬಲೂನಿನದು ಮಕ್ಕಳಿಗೆ. ಕೊನೆಗೆ ಮನಸ್ಸಿಗೆ ಒಪ್ಪುವಂಥದು ಸಿಕ್ಕಿತು: ಎರಡು ಕಡೆ ಉರಿಯುವ ದೀಪ, ಮೇಲಿನಿಂದ ಇಳಿಬಿದ್ದ ಮಲ್ಲಿಗೆ ಹಾರ, ತಲೆಯ ಹಿಂದೆ ಒಂದು ಪ್ರಭೆ. ಶಿರೀಷಾ ವೈಕುಂಠ ಸಮಾರಾಧನೆಯ ಕರಪತ್ರಗಳನ್ನೂ ಅಚ್ಚು ಮಾಡಿಕೊಡುತ್ತಿದ್ದಳು ಎಂಬುದು ಅವರ ಗಮನಕ್ಕೆ ಬರಲಿಲ್ಲ. ಪ್ರಭೆ ಕೋಟಿಗೆ ಬಹಳ ಚೆನ್ನಾಗಿ ಹೊಂದುತ್ತಿತ್ತು.

ಇನ್ನು ‘ನಿಮ್ಮ ಬಗ್ಗೆ ಬರೆಯಿರಿ’ ಎಂಬ ಜಾಗ. ಮನುಷ್ಯ ತನ್ನ ಬಗ್ಗೆ ತಾನೇ ಹೇಗೆ ಬರೆದುಕೊಳ್ಳಬೇಕು? ರಾಯರ ಮಟ್ಟದ ಜನರ ಬಗ್ಗೆ ನಾಲ್ಕು ಒಳ್ಳೆಯ ಮಾತು ಅಚ್ಚಾಗುವ ಸ್ಥಳ ಜಗತ್ತಿನಲ್ಲಿ ಒಂದೇ ಒಂದು, ಪತ್ರಿಕೆಯ ನಿಧನವಾರ್ತೆ. ಅದನ್ನು ಅವರು ದಿನವೂ ಕಾಫಿಯ ಜೊತೆ ಓದುತ್ತಿದ್ದರು. ಆ ಧಾಟಿ ನಾಲಿಗೆಯ ತುದಿಯಲ್ಲಿತ್ತು. ಒಂದು ಬೆರಳಿನಿಂದ ಒತ್ತುತ್ತಾ ಹೋದರು: ‘ಮುಳಬಾಗಿಲಿನ ಹಿರಿಯ ಲೆಕ್ಕಿಗರಾದ ಲಕ್ಷ್ಮೀನಾರಾಯಣ ರಾಯರು ಸರಳ ಸಜ್ಜನಿಕೆಗೆ ಹೆಸರಾದವರು. ಶ್ರೀಯುತರಿಗೆ ಪತ್ನಿ, ಓರ್ವ ಪುತ್ರಿ ಹಾಗೂ ಅಪಾರ ಬಂಧುಬಳಗವಿದೆ.’

ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಿಧನವಾರ್ತೆಯಲ್ಲಿ ಇರಬೇಕಾದುದೆಲ್ಲ ಇತ್ತು, ಸಾವೊಂದನ್ನು ಬಿಟ್ಟು. ಓದಿದವರು ಅದನ್ನು ತಾವೇ ಸೇರಿಸಿಕೊಂಡರು.

ಮೊದಲು ಸೇರಿಸಿಕೊಂಡವನು ಮುಕುಂದ್. ಮಾಲೂರಿನಲ್ಲಿ ಕೂತು ಬೀಗರನ್ನು ಹುಡುಕಿದವನಿಗೆ ದೀಪ, ಹಾರ, ಪ್ರಭೆಗಳ ನಡುವೆ ನಗುತ್ತಿದ್ದ ಬೀಗರು ಕಂಡರು. ಕೊಟ್ಟ ಮಾತಿನಂತೆ ಬಳಗದವರಿಗೆಲ್ಲ ತೋರಿಸಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ನಮ್ಮಲ್ಲಿ ಎಂದು ಬರ ಬಂದಿದೆ? ಟೇಕಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ರಾಯರ ದಾಯಾದಿ ತಮ್ಮ, ಅಲ್ಲಿನ ಗುಡಿಯ ಅರ್ಚಕ ಸುಬ್ಬರಾಯ ಸಿಕ್ಕಾಗ ಅವನಿಗೂ ಹೇಳಿ, ಇಬ್ಬರೂ ನಿಂತ ಕಡೆಯೇ ಕಣ್ಣೊರೆಸಿಕೊಂಡರು.

ಫೋನು ಮಾಡಿ ಕೇಳಬಹುದಿತ್ತು ಎನ್ನುತ್ತೀರಿ. ಸಾವಿನ ಸುದ್ದಿಯನ್ನು ಹಾಗೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ‘ನಿಮ್ಮ ಯಜಮಾನರು ಹೋಗಿದ್ದು ನಿಜವೇ’ ಎಂದು ಯಾವ ಬಾಯಿಂದ ಕೇಳುವುದು? ಇದ್ದರೆ ಅಪಶಕುನ, ಹೋಗಿದ್ದರೆ ಅವಮಾನ. ಸುಮ್ಮನೆ ಹೊರಟು ಬರುವುದೇ ಮರ್ಯಾದೆ. ತಿರುಮಲಮ್ಮ, ಮುಕುಂದ್ ಹಾಗೂ ಅವನ ಹೆಂಡತಿ ಬುಧವಾರ ಹನ್ನೊಂದು ಗಂಟೆಗೆ ಮುಳಬಾಗಿಲಿನಲ್ಲಿ ಇಳಿದರು.

ಬೀದಿಯ ತಿರುವಿನಲ್ಲಿ ಅವರು ಬರುವುದನ್ನು ಕಿಟಕಿಯಿಂದ ಕಂಡ ರಾಯರು ಹಿಂದೆ ಸರಿದರು. ಆ ನಡುವೆ ಎರಡು ಸಲ ಶಿರೀಷಾಳ ಅಂಗಡಿಗೆ ಹೋಗಿ ತಮ್ಮ ಪುಟ ತೆರೆಯಲು ನೋಡಿದ್ದರು. ಕಣ್ಣು ಮುಚ್ಚಿ ಒತ್ತಿದ ಪದ ಕಣ್ಣು ತೆರೆದಾಗ ನೆನಪಾಗಲಿಲ್ಲ. ಈಗ ಮುಕುಂದ್ ಕೂತು, ‘ಬೀಗ್ರೇ, ನಾನು ಬರೆದಿದ್ದಕ್ಕೆ ಯಾಕೆ ಉತ್ತರ ಬರೀಲಿಲ್ಲ’ ಎಂದು ಕೇಳಿದರೆ? ಬಾಯಿ ಬಿಟ್ಟರೆ ಬಣ್ಣಗೇಡು.

"ರತ್ನಾ, ಕೇಳಿದ್ರೆ ಕೋಲಾರಕ್ಕೆ ಹೋಗಿದಾರೆ ಅಂದ್ಬಿಡು" ಎಂದವರೇ ಹಿತ್ತಿಲಿನ ಸೌದೆ ಕೋಣೆ ಸೇರಿ ಬಾಗಿಲು ಎಳೆದುಕೊಂಡರು.

ಯಾರೂ ಕೇಳಲಿಲ್ಲ.

ವೆಂಕಟರತ್ನಮ್ಮ ನಗುನಗುತ್ತಾ, ಬನ್ನಿ ಬನ್ನಿ ಎಂದು ಕಾಲಿಗೆ ನೀರು ತಂದರು. ಬಂದವರು ಕಾಲು ತೊಳೆಯಲಿಲ್ಲ. ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ. ಚಾಪೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂತರು. ಆಕೆಯ ಹಣೆಯ ಕುಂಕುಮ, ಮುಡಿದ ಹೂವು ನೋಡಿ ಮುಕುಂದನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹತ್ತನೇ ದಿನದವರೆಗೆ ತಾನೇ ಅದೆಲ್ಲ, ಇರಲಿ ಪಾಪ, ಎಂದುಕೊಂಡಿರಬೇಕು. ಕಾಫಿ ಬಂತು. ಯಾರೂ ಮುಟ್ಟಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತು. ಕೊನೆಗೆ ತಿರುಮಲಮ್ಮ ವೆಂಕಟರತ್ನಮ್ಮನ ಕೈ ಹಿಡಿದುಕೊಂಡರು.

"ಏಂ ಚೇಸ್ತಾಂ ತಲ್ಲೀ. ಎಲ್ಲಾ ಅವನ ಇಚ್ಛೆ. ಧೈರ್ಯ ತಂದ್ಕೋ."

ಏನು ಮಾಡಲಾದೀತು ಎಂಬ ಆ ಮಾತನ್ನು ತೆಲುಗಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ವೆಂಕಟರತ್ನಮ್ಮನಿಗೆ ಒಂದೇ ಅರ್ಥ ಹೊಳೆಯಿತು, ಸಂಬಂಧ ಬೇಡ ಎಂದು. ಅವರ ಕಣ್ಣು ತುಂಬಿಕೊಂಡಿತು. ಅದನ್ನು ಕಂಡು ಬಂದವರೂ ಅತ್ತರು. ಹೀಗೆ ಎರಡು ಕಡೆಯವರೂ ಬೇರೆ ಬೇರೆ ಕಾರಣಕ್ಕೆ ಒಟ್ಟಿಗೆ ಕೂತು ಅತ್ತು, ಬಂದವರು ಎದ್ದು, ‘ಬರ್ತೀವಿ’ ಎಂಬ ಮಾತನ್ನೂ ಆಡದೆ ಮೆಟ್ಟಿಲಿಳಿದು ಹೋದರು.

ಎದುರು ಮನೆಯ ದೊಡ್ಡಮುನಿಯಮ್ಮ ಎಮ್ಮೆಗೆ ಹುಲ್ಲು ಹಾಕುತ್ತಾ ಎಲ್ಲವನ್ನೂ ನೋಡಿದ್ದಳು. "ಏನ್ ಜನಾನಮ್ಮಾ ಇವ್ರು, ಸಾವಿನ ಮನೇಗೆ ಬಂದೋದಂಗೆ ಬಂದೋದ್ರು" ಎಂದಳು.

"ಬಿಡ್ತು ಅನ್ನೇ" ಎಂದು ವೆಂಕಟರತ್ನಮ್ಮ ಬಾಗಿಲು ಹಾಕಿಕೊಂಡರು. ಇಡೀ ಪ್ರಕರಣದಲ್ಲಿ ಸತ್ಯ ಹೇಳಿದವಳು ಅವಳೊಬ್ಬಳೇ, ಬೈಸಿಕೊಂಡವಳೂ ಅವಳೇ.

ರಾಯರು ತಲೆಗೆ ಜೇಡರ ಬಲೆ ಮೆತ್ತಿಕೊಂಡು ಹೊರಗೆ ಬಂದರು. "ನನ್ನ ಕೇಳಿದ್ರಾ?"

"ಇಲ್ಲ. ಬಾಯಿಮಾತಿಗೂ ಒಬ್ಬರೂ ನಿಮ್ಮ ಹೆಸರೆತ್ತಲಿಲ್ಲ. ಅಷ್ಟು ಬೇಡವಾಗಿದೀವಿ ಅವರಿಗೆ. ಏನು ಮಾಡಿದ್ರಿ ನೀವು?"

"ನಾನೇನು ಮಾಡಿದೆ" ಎಂದು ರಾಯರು ಗೋಡೆ ನೋಡಿದರು. ಏನು ಮಾಡಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ಮೊದಲಿಂದಲೂ ಇದ್ದೇನೆ ಎಂದಿದ್ದರು. ಪುಟ ತೆರೆದದ್ದು ಮೊನ್ನೆ ಎಂದು ಮುಕುಂದನಿಗೆ ತಿಳಿದುಹೋಗಿದೆ. ಸುಳ್ಳುಗಾರನ ಮನೆ ಹೆಣ್ಣು ಬೇಡ ಎಂದುಕೊಂಡಿದ್ದಾರೆ.

ಮಾರನೆಯ ದಿನ ರಾಯರು ಅಂಗಡಿಗೆ ಹೋಗಿದ್ದಾಗ ಮನೆಗೆ ಫೋನು ಬಂತು. ಮುಕುಂದ್. ಗಂಟಲು ಸರಿಮಾಡಿಕೊಂಡು ವೆಂಕಟರತ್ನಮ್ಮನಿಗೆ ಹೇಳಿದ: "ಅಕ್ಕಾ, ಭಾನುವಾರದ್ದು ಸದ್ಯಕ್ಕೆ ಬೇಡ. ಅಮ್ಮ ಮುಂದೆ ಏನು ಅಂತ ಯೋಚನೆ ಮಾಡ್ತಾ ಇದಾಳೆ. ಅವಳ ಮನಸ್ಸು ನಿಮಗೆ ಗೊತ್ತಲ್ಲ." ಇಟ್ಟುಬಿಟ್ಟ.

ಆ ಮಧ್ಯಾಹ್ನ ಮನೆಯಲ್ಲಿ ಅನ್ನ ಬೆಂದಿತು, ಉಂಡವರಿಲ್ಲ. ಹರಿಪ್ರಿಯಾ ಕೋಣೆ ಬಿಟ್ಟು ಬರಲಿಲ್ಲ. ರಾಯರಿಗೆ ಮಗಳ ಮುಚ್ಚಿದ ಬಾಗಿಲನ್ನು ನೋಡಲಾಗಲಿಲ್ಲ. ತಮ್ಮ ಒಣ ಜಂಬಕ್ಕೆ ಮಗಳ ಬಾಳು ಬಲಿಯಾಯಿತೆಂದುಕೊಂಡು ಚಪ್ಪಲಿ ಮೆಟ್ಟಿ ನೇರವಾಗಿ ಶಿರೀಷಾಳ ಅಂಗಡಿಗೆ ಹೋದರು.

"ನಿನ್ನ ಕಡೆಯಿಂದಾದ್ರೂ ನನ್ನ ಪುಟ ಕಾಣುತ್ತೇನಮ್ಮ? ಅಲ್ಲಿ ಏನು ಬರೆದಿದಾರೆ ನೋಡ್ಬೇಕು."

ಶಿರೀಷಾ ತನ್ನ ಖಾತೆಯಿಂದ ಒಳಹೊಕ್ಕು ಹುಡುಕಿದಳು. ಪುಟ ಬಂತು. ಅವಳು ಪರದೆಯನ್ನು ನೋಡಿದಳು, ಪಕ್ಕದಲ್ಲಿ ನಿಂತಿದ್ದ ರಾಯರನ್ನು ನೋಡಿದಳು, ಮತ್ತೆ ಪರದೆ ನೋಡಿದಳು.

"ಓದಮ್ಮ" ಎಂದರು ರಾಯರು.

ಅವಳು ಓದಿದಳು. ಕೋಲಾರದ ಶ್ರೀಧರ್ ಬರೆದಿದ್ದ: ‘ಮುತ್ತಿನಂಥ ಮನುಷ್ಯ. ಶಾಲೆಯಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವನು.’ ಅದೇ ಶ್ರೀಧರ್ ಆ ಲೆಕ್ಕದಿಂದಲೇ ಫೇಲಾಗಿ ಅಲ್ಲಿಂದೀಚೆಗೆ ಮಾತು ಬಿಟ್ಟಿದ್ದ. ಇನ್ನೊಬ್ಬರು, ಇಂಥ ತಿಳಿದವರು ಇನ್ನು ಹುಟ್ಟುವುದಿಲ್ಲ ಎಂದಿದ್ದರು. ರಾಯರ ಕಣ್ಣು ಒದ್ದೆಯಾಯಿತು. ತಮ್ಮ ಮೇಲೆ ಜನಕ್ಕೆ ಇಷ್ಟು ಅಭಿಮಾನವಿದೆಯೆಂದು ಅವರಿಗೆ ತಿಳಿದೇ ಇರಲಿಲ್ಲ.

"ಇವರೆಲ್ಲ ಇದನ್ನ ಮುಖಕ್ಕೇ ಹೇಳ್ಬಹುದಿತ್ತಲ್ಲ" ಎಂದರು.

"ಸರ್, ಮುಂದಿನದು ಓದ್ಲಾ?" ಶಿರೀಷಾಳ ದನಿ ಸಣ್ಣಗಾಯಿತು. "‘ಮೃತರ ಆತ್ಮಕ್ಕೆ ಚಿರಶಾಂತಿ ಸಿಗಲಿ’ ಅಂತಿದೆ. ಕೆಳಗೆ ಎಲ್ರೂ ಅದನ್ನೇ ಬರೆದಿದಾರೆ. ಸರ್, ನೀವು ಈ ಚೌಕಟ್ಟು ಯಾಕೆ ಹಾಕಿದ್ರಿ?"

ಕೆಟ್ಟ ಮೇಲೆ ಬುದ್ಧಿ ಬಂತು. ರಾಯರು ಹತ್ತಿರವಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಕಾಫಿ ಯಾಕೆ ಕುಡಿಯಲಿಲ್ಲ, ತಮ್ಮನ್ನು ಯಾಕೆ ಕೇಳಲಿಲ್ಲ, ಎಲ್ಲ ಒಟ್ಟಿಗೆ ತಿಳಿಯಿತು. ತಂದೆಯಿಲ್ಲದ ಹುಡುಗಿ ಬೇಡವೆಂದ ತಿರುಮಲಮ್ಮನ ಮಾತೂ ನೆನಪಾಯಿತು.

"ಬರಿಯಮ್ಮ. ನಾನು ಬದುಕಿದೀನಿ ಅಂತ ಬರಿ. ಈಗಲೇ ಬರಿ."

ಶಿರೀಷಾ ಬರೆದಳು: ‘ರಾಯರು ಬದುಕಿದ್ದಾರೆ.’ ಕ್ಷಣದಲ್ಲೇ ಯಾರೋ ಉತ್ತರಿಸಿದರು: ‘ಹೌದು, ನಮ್ಮ ಹೃದಯದಲ್ಲಿ ಸದಾ ಬದುಕಿರುತ್ತಾರೆ.’ ಅವಳು ಬಿಡದೆ, ‘ಹಾಗಲ್ಲ, ನನ್ನ ಅಂಗಡಿಯಲ್ಲೇ ಕೂತಿದ್ದಾರೆ’ ಎಂದು ಬರೆದಳು. ‘ಇಂಥ ವಿಷಯದಲ್ಲಿ ತಮಾಷೆ ಮಾಡಲು ನಾಚಿಕೆಯಾಗಬೇಕು’ ಎಂದು ಇನ್ನೊಬ್ಬರು ಬೈದರು. ಮತ್ತೊಬ್ಬರು, ಈ ಹುಡುಗಿಯ ಮೇಲೆ ಪೊಲೀಸಿಗೆ ದೂರು ಕೊಡಬೇಕು ಎಂದರು.

"ಸರ್, ನೀವೇ ಹೋಗಿ ಮುಖ ತೋರಿಸೋದು ವಾಸಿ" ಎಂದು ಶಿರೀಷಾ ಕಂಪ್ಯೂಟರ್ ಆರಿಸಿಬಿಟ್ಟಳು.

ಶುಕ್ರವಾರ ಬೆಳಗಿನ ಬಸ್ಸಿಗೆ ರಾಯರು ಶ್ರೀನಿವಾಸಪುರಕ್ಕೆ ಹೊರಟರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡರು. ಜೋಡಿಸಿದ್ದೆಲ್ಲ ತಿರುಮಲಮ್ಮನ ಮನೆಯ ಮುಂದೆ ಬಿದ್ದುಹೋಯಿತು. ಜಗಲಿಯ ಮೇಲೆ ಆಕೆ ಉಪ್ಪಿನಕಾಯಿಗೆ ಮಾವಿನ ಮಿಡಿ ಆರಿಸುತ್ತಿದ್ದರು. ಪಕ್ಕದಲ್ಲಿ ಆ ಊರಿನ ಜೋಯಿಸರು. ಜಗಲಿಯ ಆ ತುದಿಯಲ್ಲಿ, ಸೂತಕದವನಾದ್ದರಿಂದ ಯಾರಿಗೂ ತಾಗದ ಹಾಗೆ, ಟೇಕಲ್ಲಿನ ಸುಬ್ಬರಾಯ ಮುದುಡಿ ಕೂತಿದ್ದ. ಅವನ ತಲೆ ನುಣ್ಣಗೆ ಬೋಳಾಗಿತ್ತು. ಮುಳಬಾಗಿಲಿನವರು ಕರ್ಮಾಂತರಕ್ಕೆ ಏನೂ ಏರ್ಪಾಡು ಮಾಡುವ ಹಾಗೆ ಕಾಣದ್ದರಿಂದ, ಗಂಡುಮಕ್ಕಳಿಲ್ಲದ ಅಣ್ಣನ ಕಾರ್ಯ ತಾನೇ ಮಾಡಬೇಕೋ ಎಂದು ಜೋಯಿಸರನ್ನು ಕೇಳಲು ಬಂದಿದ್ದ.

"ನಮಸ್ಕಾರ" ಎಂದರು ರಾಯರು.

ಸುಬ್ಬರಾಯ ಎದ್ದು ಕಂಬ ತಬ್ಬಿಕೊಂಡ. ಜೋಯಿಸರ ತುಟಿ ಅಲುಗತೊಡಗಿತು. ತಿರುಮಲಮ್ಮ ಮಾತ್ರ ಕೈಯಲ್ಲಿದ್ದ ಮಿಡಿಯನ್ನು ಮೊರದಲ್ಲಿಟ್ಟು ಶಾಂತವಾಗಿ ನೋಡಿದರು.

"ಏಮಿ ನಾಯನಾ, ಮಗಳ ಮೇಲೆ ಆಸೆ ಉಳಿದುಹೋಯ್ತಾ?"

"ಅಮ್ಮಾ, ನಾನು ಸತ್ತಿಲ್ಲ."

"ಮೊದಮೊದಲು ಹಂಗೇ ಅನ್ಸುತ್ತಂತೆ. ನೀನು ಮನಸ್ಸಿಗೆ ಹಚ್ಕೋಬೇಡ. ಮದುವೆ ವಿಷಯ ನಾನು ಯೋಚನೆ ಮಾಡ್ತಿದೀನಿ. ನೀನು ನೆಮ್ಮದಿಯಾಗಿ ಹೋಗು."

"ಅಮ್ಮಾ, ನಾನು ಬಸ್ಸಲ್ಲಿ ಬಂದೆ" ಎಂದು ರಾಯರು ಅಳುವ ದನಿಯಲ್ಲಿ ಟಿಕೇಟು ತೋರಿಸಿದರು.

ತಿರುಮಲಮ್ಮ ಟಿಕೇಟು ನೋಡಲಿಲ್ಲ, ಪಾದ ನೋಡಿದರು. ಬೆರಳುಗಳು ಮುಂದಕ್ಕೇ ಇದ್ದವು. ಎದ್ದು ಹತ್ತಿರ ಬಂದು ರಾಯರ ತೋಳನ್ನು ಬಲವಾಗಿ ಚಿವುಟಿದರು. ರಾಯರು ಕೂಗಿಕೊಂಡ ಮೇಲೆ, "ಇದಾನೆ" ಎಂದು ಜೋಯಿಸರಿಗೆ ತಿಳಿಸಿದರು. ಒಂದು ಚೊಂಬು ನೀರು ಕೊಟ್ಟು, ಅದು ಗಂಟಲಿಳಿಯುವುದನ್ನು ಕೊನೆಯವರೆಗೆ ಗಮನಿಸಿದರು.

ರಾಯರು ಎಲ್ಲವನ್ನೂ ಹೇಳಿದರು. ಪುಟ, ಚೌಕಟ್ಟು, ಕಣ್ಣು ಮುಚ್ಚಿ ಒತ್ತಿದ ಪದ, ಸೌದೆ ಕೋಣೆ, ಯಾವುದನ್ನೂ ಬಿಡಲಿಲ್ಲ. "ಅದು ಏನು ಅಂತ ನನಗೆ ಗೊತ್ತಿರ್ಲಿಲ್ಲಮ್ಮ" ಎಂದು ಮುಗಿಸಿದರು. ಆ ಮಾತು ಬಾಯಿಂದ ಹೊರಡುವಾಗ ಬಹಳ ನೋವಾಯಿತು.

"ಹೋಗಲಿ ಬಿಡು, ಬದುಕಿದೀಯಲ್ಲ, ಅಷ್ಟು ಸಾಕು. ಭಾನುವಾರ ನಿಶ್ಚಿತಾರ್ಥ ಆಗಲಿ" ಎಂದರು ತಿರುಮಲಮ್ಮ. ರಾಯರಿಗೆ ಹೋದ ಉಸಿರು ಬಂತು.

"ಅದು ಆಗೋ ಹಂಗಿಲ್ಲ" ಎಂದ ಸುಬ್ಬರಾಯ, ಕಂಬದ ಹಿಂದಿನಿಂದ. "ನಾನು ಮೂರು ದಿನದಿಂದ ಇವನಿಗೆ ಎಳ್ಳುನೀರು ಬಿಟ್ಟಿದೀನಿ. ಗುಡಿ ಬಾಗಿಲು ಹಾಕಿದೀನಿ. ಹತ್ತನೇ ದಿನ ಕ್ಷೌರದವನು ಸಿಗಲ್ಲ ಅಂತ ಮುಂಚೆನೇ ತಲೆ ಬೋಳಿಸ್ಕೊಂಡಿದೀನಿ. ಇದಕ್ಕೆಲ್ಲ ಏನು ಗತಿ?"

ಜೋಯಿಸರು ಕಣ್ಣು ಮುಚ್ಚಿ, ತೆರೆದು, ಶಾಸ್ತ್ರ ಹೇಳಿದರು. ಎಳ್ಳುನೀರು ಬಿಟ್ಟ ಮೇಲೆ ಆ ಮನುಷ್ಯ ಲೆಕ್ಕಕ್ಕೆ ಹೋದ ಹಾಗೆಯೇ. ತಿರುಗಿ ಬಂದರೆ ಅವನು ಮತ್ತೆ ಹುಟ್ಟಬೇಕು. ಜಾತಕರ್ಮ, ನಾಮಕರಣ, ಚೌಲ, ಉಪನಯನ, ಎಲ್ಲ ಮೊದಲಿಂದ ಆಗಬೇಕು. ಆಮೇಲೆ ತನ್ನ ಹೆಂಡತಿಯನ್ನೇ ಮತ್ತೆ ಮದುವೆಯಾಗಬೇಕು. ಅಲ್ಲಿಯವರೆಗೆ ಅವನು ಬ್ರಹ್ಮಚಾರಿಯೂ ಅಲ್ಲ, ಗೃಹಸ್ಥನೂ ಅಲ್ಲ. "ಇನ್ನು ಮಗಳನ್ನ ಕೊಡ್ತೀನಿ ಅಂತ ಮಾತು ಕೊಡೋಕೆ ಇವರು ಯಾರು?" ಎಂದರು.

"ಭಾನುವಾರ ಬೆಳಿಗ್ಗೆಯೊಳಗೆ ಎಲ್ಲಾ ಮುಗಿಸಬಹುದಾ?" ಎಂದು ಕೇಳಿದರು ತಿರುಮಲಮ್ಮ.

"ಬೇಗ ಹುಟ್ಟಿದ್ರೆ ಮುಗಿಸಬಹುದು" ಎಂದರು ಜೋಯಿಸರು.

ಹಾಗಾಗಿ ಭಾನುವಾರ ಸೂರ್ಯ ಹುಟ್ಟುವ ಹೊತ್ತಿಗೆ ರಾಯರೂ ಹುಟ್ಟಿದರು. ಹಿಂದಿನ ಕಾಲದಲ್ಲಿ ತುಪ್ಪದ ಕೊಪ್ಪರಿಗೆಯಲ್ಲಿ ಮುಳುಗಿಸಿ ಎತ್ತುತ್ತಿದ್ದರಂತೆ. ಜೋಯಿಸರು ಕಾಲ ನೋಡಿ ಒಂದು ಚಮಚಕ್ಕೆ ಇಳಿಸಿದರು. ಮನೆಯ ಮುಂದೆ ಆಗಲೇ ಅರ್ಧ ಬೀದಿ ನೆರೆದಿತ್ತು. ದೊಡ್ಡಮುನಿಯಮ್ಮ ಎಮ್ಮೆ ಕರೆಯುವುದನ್ನು ಬಿಟ್ಟು ಬಂದು, ಮಗು ಯಾರ ಹಾಗಿದೆ ಎಂದು ವಿಚಾರಿಸಿದಳು. ತಂದೆಯ ಸ್ಥಾನದಲ್ಲಿ ಕೂರಬೇಕಾಗಿ ಬಂದವನು ಸುಬ್ಬರಾಯ. ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕಾದಾಗ ಅವನು ಬಗ್ಗಿ ಬಹಳ ಹೊತ್ತು ಏನನ್ನೋ ಉಸುರಿದ. ಅಷ್ಟು ಉದ್ದದ ಹೆಸರು ರಾಯರಿಗೆ ಇರಲಿಲ್ಲ. ಅವರ ಕಿವಿ ಕೆಂಪಾಯಿತು.

ಚೌಲಕ್ಕೆ ನಾಲ್ಕು ಕೂದಲು ಹೋಯಿತು. ಉಪನಯನಕ್ಕೆ ಹೊಸ ಜನಿವಾರ ಬಂತು, ಬೀದಿಯವರೆಲ್ಲ ಸಾಲಾಗಿ ಬಂದು ವಟುವಿಗೆ ಭಿಕ್ಷೆ ಹಾಕಿದರು. ಒಂಬತ್ತು ಗಂಟೆಯ ಹೊತ್ತಿಗೆ ರಾಯರು ಮದುವೆಯ ವಯಸ್ಸಿಗೆ ಬಂದರು. ವೆಂಕಟರತ್ನಮ್ಮನ ತವರಿನಿಂದ ಯಾರೂ ಬರಲಾಗಿರಲಿಲ್ಲ. ಸುದ್ದಿ ಹಬ್ಬಿಸಿದವನೇ ಧಾರೆ ಎರೆಯಲಿ ಎಂದು ತಿರುಮಲಮ್ಮ ತೀರ್ಪು ಕೊಟ್ಟದ್ದರಿಂದ, ಮುಕುಂದ್ ತನಗಿಂತ ಹಿರಿಯಳಾದ ಮಗಳ ಪಕ್ಕದಲ್ಲಿ ಪಂಚೆ ಸರಿಮಾಡಿಕೊಳ್ಳುತ್ತಾ ಕೂತ. ರಾಹುಕಾಲ, ಯಮಗಂಡವೆಲ್ಲ ಲೆಕ್ಕ ಹಾಕಿ ನಿಶ್ಚಿತಾರ್ಥಕ್ಕೆ ಸಿಕ್ಕಿದ್ದು ಹತ್ತೂವರೆಯ ಸಣ್ಣ ಮುಹೂರ್ತ. ರಾಯರ ಕಣ್ಣೆಲ್ಲ ಗೋಡೆಯ ಗಡಿಯಾರದ ಮೇಲಿತ್ತು.

"ಕನ್ಯೆಗೆ ವರ ಒಪ್ಪಿಗೆಯೇ, ಕೇಳಿ" ಎಂದರು ಜೋಯಿಸರು. ಅದು ಬರೀ ಒಂದು ವಾಡಿಕೆಯ ಮಾತು. ನೆರೆದವರು ನಕ್ಕರು. ಜೋಯಿಸರು ಮುಂದಿನ ಮಂತ್ರಕ್ಕೆ ಬಾಯಿ ತೆರೆದಿದ್ದರು.

"ತಡೀರಿ" ಎಂದರು ವೆಂಕಟರತ್ನಮ್ಮ. "ಮೊದಲನೇ ಸಲ ನನ್ನನ್ನ ಯಾರೂ ಕೇಳಿರ್ಲಿಲ್ಲ. ಈಗ ಕೇಳಿದೀರ. ಯೋಚನೆ ಮಾಡ್ಬೇಕು."

ನಗು ನಿಂತಿತು. ಇವಳು ಬೇಡ ಎಂದುಬಿಡಬಹುದು ಎಂಬ ವಿಚಾರ ಇಷ್ಟು ವರ್ಷಗಳಲ್ಲಿ ರಾಯರಿಗೆ ಒಮ್ಮೆಯೂ ಬಂದಿರಲಿಲ್ಲ. ಬೇಡ ಎಂದರೆ ತಾವು ಗೃಹಸ್ಥರಲ್ಲ, ಮಗಳನ್ನು ಕೊಡುವ ಅಧಿಕಾರವಿಲ್ಲ, ಎಲ್ಲ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಸುತ್ತಲಿನವರು ನಗುತ್ತಿದ್ದರು, ಇವಳಿಗೆ ತಾವು ಬೇಡವಾದರೆ ಬದುಕಿ ಬಂದದ್ದಾದರೂ ಯಾಕೆ ಎನಿಸಿತು.

"ರತ್ನಾ, ನನ್ನಿಂದ ತಪ್ಪಾಯ್ತು" ಎಂದರು, ಆಕೆಗಷ್ಟೇ ಕೇಳುವ ಹಾಗೆ.

ವೆಂಕಟರತ್ನಮ್ಮ ಅವರನ್ನು ನೋಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಮಗಳ ಕಡೆ ತಿರುಗಿದರು. "ನನ್ನ ಮಾತು ಆಮೇಲೆ. ಪ್ರಿಯಾ, ಇಲ್ಲಿ ಬಾ. ನಿನಗೆ ಈ ಹುಡುಗ ಒಪ್ಪಿಗೆಯಾ? ಈ ಗಲಾಟೇಲಿ ನಿನ್ನನ್ನ ಯಾರಾದ್ರೂ ಕೇಳಿದಾರಾ?"

ಹರಿಪ್ರಿಯಾ ಸೆರಗಿನ ತುದಿ ಹಿಂಡಿದಳು. "ಕೇಳಿದಾರೆ" ಎಂದಳು.

"ಯಾರು?"

"ಅವರೇ. ನಾವು ದಿನಾ ಮಾತಾಡ್ತೀವಮ್ಮಾ. ಅದರಲ್ಲಿ. ಶಿರೀಷಾ ಅಂಗಡೀಲಿ."

ಹೊರಗೆ ದೊಡ್ಡಮುನಿಯಮ್ಮನ ಎಮ್ಮೆ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಎಲ್ಲರೂ ವಂಶಿಕೃಷ್ಣನ ಕಡೆ ನೋಡಿದರು. ಅವನು ನೆಲ ನೋಡಿದ.

"ಹಾಗಾದ್ರೆ ಇವರು ಬದುಕಿರೋದು ನಿನಗೆ ಗೊತ್ತಿತ್ತೇನೋ?" ಎಂದು ತಿರುಮಲಮ್ಮ ಮೊಮ್ಮಗನನ್ನು ಕೇಳಿದರು.

"ಬುಧವಾರ ಸಂಜೆನೇ ಗೊತ್ತಾಯ್ತು ಅಜ್ಜಿ. ಇವಳನ್ನ ಕೇಳಿದೆ, ಅಪ್ಪ ಸೌದೆ ಕೋಣೇಲಿದ್ರು ಅಂತ ಬರೆದಳು."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು?"

"ಮದುವೆಗೆ ಮುಂಚೆ ಮಾತಾಡ್ತೀವಿ ಅಂತ ಗೊತ್ತಾದ್ರೆ ನೀನು ಸಂಬಂಧ ಬಿಟ್ಟುಬಿಡ್ತೀಯ ಅಂತ ಹೆದರಿಕೆ. ಹೆಂಗೂ ಬದುಕಿದಾರಲ್ಲ, ಅವರೇ ಬಂದು ಹೇಳ್ತಾರೆ ಅಂತ ಸುಮ್ನಿದ್ವಿ."

ಸುಬ್ಬರಾಯ ತನ್ನ ಬೋಳು ತಲೆಯ ಮೇಲೆ ಮೆಲ್ಲಗೆ ಕೈಯಾಡಿಸಿಕೊಂಡ. ತಿರುಮಲಮ್ಮನ ಮುಖ ಬಿಗಿದುಕೊಂಡಿತು. ರಾಯರು ಕಣ್ಣು ಮುಚ್ಚಿ ಕಾದರು. ಇನ್ನೊಂದು ಕ್ಷಣದಲ್ಲಿ ಮುದುಕಿ ಎದ್ದು ಹೊರಡುತ್ತಾರೆ ಎಂದುಕೊಂಡರು. ಆಕೆ ಎದ್ದರು ನಿಜ. ಹರಿಪ್ರಿಯಾಳ ಹತ್ತಿರ ಹೋಗಿ ಅವಳ ಗಲ್ಲ ಹಿಡಿದೆತ್ತಿದರು.

"ನಾವೆಲ್ಲ ಅಳ್ತಾ ಓಡಾಡಿದ್ವಿ. ಹೌದೋ ಅಲ್ವೋ ಅಂತ ಕೇಳಿದ್ದು ಇವರಿಬ್ಬರೇ" ಎಂದರು. "ಅಷ್ಟು ಬುದ್ಧಿ ಇದ್ರೆ ಸಂಸಾರ ಮಾಡ್ತಾರೆ. ಜೋಯಿಸರೇ, ನಡೆಸಿ."

ಜೋಯಿಸರು ವೆಂಕಟರತ್ನಮ್ಮನ ಕಡೆ ನೋಡಿದರು. ಈಗ ಅವರಿಗೂ ಕೇಳದೆ ಮುಂದುವರಿಯಲು ಧೈರ್ಯವಿರಲಿಲ್ಲ. "ಏನಮ್ಮಾ?" ಎಂದರು.

ವೆಂಕಟರತ್ನಮ್ಮ ಪಕ್ಕದಲ್ಲಿದ್ದ ವರನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ತುಪ್ಪ ಮೆತ್ತಿದ ತುಟಿ, ನಾಲ್ಕು ಕೂದಲು ಕಡಿಮೆಯಾದ ತಲೆ, ಒದ್ದೆ ಕಣ್ಣು.

"ಬೆಳಿಗ್ಗೆ ಹುಟ್ಟಿದ ಮಗು, ಇದನ್ನ ಏನು ಅಂತ ಬಯ್ಯೋದು" ಎಂದು ಕತ್ತು ಬಗ್ಗಿಸಿದರು.

ರಾಯರು ತಾಳಿಯ ದಾರ ಹಿಡಿದರು. ಒಂದು ಗಂಟು ಹಾಕಿದರು, ಎರಡನೆಯದನ್ನೂ ಹೇಗೋ ಹಾಕಿದರು. ಮೂರನೆಯದನ್ನು ನಾದಿನಿ ಹಾಕಬೇಕು, ನಾದಿನಿ ಇರಲಿಲ್ಲ. ಹರಿಪ್ರಿಯಾ ಅಮ್ಮನ ಹಿಂದೆ ಮಂಡಿಯೂರಿ ಕೂತು, ದಾರ ಜಾರದ ಹಾಗೆ ಬಿಗಿಯಾಗಿ ಎಳೆದು ಗಂಟು ಹಾಕಿದಳು.